ದೋಣಿಯ ಮುಂದಿನ ಜಾಗ

ಮೋಜೆಲ್ ಗೋಸೆಟ್ ಮೂವತ್ತೊಂದು ವಸಂತಗಳನ್ನು ಗಂಡನ ಬೆನ್ನು ನೋಡುತ್ತಾ ಕಳೆದಳು. ಇಬ್ಬರ ನಡುವೆ ಮುನಿಸೇನೂ ಇರಲಿಲ್ಲ. ಮೀನು ಹಿಡಿಯಲು ಹೋದಾಗ ವರ್ಲನ್ ದೋಣಿಯ ಮುಂತುದಿಯಲ್ಲಿ ನಿಲ್ಲುತ್ತಿದ್ದ, ಅವಳು ಹಿಂದೆ ಕೂರುತ್ತಿದ್ದಳು, ಅಷ್ಟೆ.

ನಮ್ಮ ಕೆಂಟಕಿಯ ಸರೋವರಗಳಲ್ಲಿ ದೋಣಿ ಯಾರದೋ, ಮುಂದಿನ ಜಾಗ ಅವರದೇ. ಅಲ್ಲಿ ಕಾಲಡಿಯಲ್ಲಿ ಪುಟ್ಟ ಮೋಟಾರಿನ ಪೆಡಲು ಇರುತ್ತದೆ. ಯಾವ ಮರದ ಬೊಡ್ಡೆಯ ಹತ್ತಿರ ಸುಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಆ ಪೆಡಲು ತುಳಿಯುವ ಕಾಲು. ಹೊಸ ನೀರಿಗೆ ಬೀಳುವ ಮೊದಲ ಗಾಳವೂ ಅವರದೇ. ಹಿಂದೆ ಕೂತವರ ಪಾಲಿಗೆ ಬರುವುದು ಆಗಲೇ ಜಾಲಾಡಿ ಬಿಟ್ಟ ನೀರು. ಮೋಜೆಲ್ ಅದನ್ನು ಎಂಜಲು ನೀರು ಎನ್ನುತ್ತಿದ್ದಳು.

ಅವಳೂ ನಾನೂ ಶಾಲೆಯ ಅಡುಗೆಮನೆಯಲ್ಲಿ ಜೊತೆಗೇ ಕೆಲಸ ಮಾಡುವವರು. ವಸಂತ ಬಂತೆಂದರೆ ಸೋಮವಾರ ಬೆಳಿಗ್ಗೆ ಆಲೂಗಡ್ಡೆ ಸುಲಿಯುತ್ತಾ, "ನಿನ್ನೆ ಎಂಜಲಲ್ಲೇ ಎರಡು ಸಿಕ್ತು ಕಣೇ" ಎನ್ನುವಳು. ಎಂಜಲು ಅವಳಿಗೆ ತಾಳ್ಮೆ ಕಲಿಸಿತ್ತು. ಗಾಳಕ್ಕೆ ಸಿಕ್ಕಿಸಿದ ರಬ್ಬರಿನ ಹುಳುವನ್ನು ತಳಕ್ಕೆ ಬಿಟ್ಟು, ಇಪ್ಪತ್ತರವರೆಗೆ ಎಣಿಸಿ, ಅದನ್ನು ಒಂದು ಉಸಿರಿನಷ್ಟು ಮಾತ್ರ ಅಲುಗಿಸುತ್ತಿದ್ದಳು. ಅಷ್ಟರಲ್ಲಿ ವರ್ಲನ್ ಆರು ಸಲ ಎಸೆದು, ಆರು ಸಲ ಎಳೆದು, ಏಳನೆಯದಕ್ಕೆ ಕೈ ಎತ್ತಿರುತ್ತಿದ್ದ.

ಈ ಜನವರಿಯಲ್ಲಿ ವರ್ಲನ್ನನ ಮಂಡಿ ಬದಲಾಯಿಸಿದರು. ಜೂನ್‌ವರೆಗೆ ಅಲುಗಾಡುವ ದೋಣಿಯಲ್ಲಿ ನಿಲ್ಲಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಆದರೆ ಏಪ್ರಿಲ್ ಯಾರ ಮಂಡಿಗೂ ಕಾಯುವುದಿಲ್ಲ. ಕಾಡಂಚಿನ ಡಾಗ್‌ವುಡ್ ಮರಗಳು ಬೆಳ್ಳಗೆ ಅರಳಿದವು, ನೀರು ಬೆಚ್ಚಗಾಯಿತು, ಬ್ಯಾಸ್ ಮೀನುಗಳು ಮೊಟ್ಟೆಯಿಡಲು ದಡದ ಹತ್ತಿರ ಬಂದವು.

ಆ ಶನಿವಾರ ಬೆಳಿಗ್ಗೆ ಮೋಜೆಲ್ ಹೇಳಿದಳು: "ಇವತ್ತು ಮುಂದೆ ನಾನು ನಿಲ್ತೀನಿ."

ಪಾದ್ರಿಯ ಪೀಠ ಕೇಳಿದಳೇನೋ ಎಂಬಂತೆ ವರ್ಲನ್ ಕಾಫಿ ಲೋಟ ಕೆಳಗಿಟ್ಟ. "ನೀನಾ? ಆ ಪೆಡಲು ತುಳಿಯೋಕೆ ಬರುತ್ತಾ ನಿನಗೆ?"

"ನಾಲ್ಕುನೂರು ಮಕ್ಕಳಿಗೆ ಅಡುಗೆ ಮಾಡೋಳು ನಾನು. ಅಲ್ಲಿರೋದು ಒಂದೇ ಒಂದು ಪೆಡಲು."

"ಸರಿ, ಮಂಡಿ ವಾಸಿಯಾಗೋವರೆಗೆ ನಿಲ್ಲು ಹೋಗು."

"ಇವತ್ತು ನಿನಗಿಂತ ದೊಡ್ಡ ಮೀನು ಹಿಡಿದ್ರೆ ಈ ವರ್ಷ ಪೂರ್ತಿ ಆ ಜಾಗ ನಂದು. ಮಂಡಿ ವಾಸಿಯಾದ್ರೂ ನಂದೇ."

ವರ್ಲನ್ ಗೋಡೆ ನಡುಗುವಂತೆ ನಕ್ಕು ಒಪ್ಪಿಕೊಂಡ. ಮೋಜೆಲ್ ನಗಲಿಲ್ಲ. "ಬಾಯಿ ಹಿಟ್ಟು ತಿಂದ ಹಾಗೆ ಒಣಗಿತ್ತು ಕಣೇ" ಎಂದು ಆಮೇಲೆ ನನಗೆ ಹೇಳಿದಳು.

ಮುಂದೆ ನಿಂತಾಗ ಅವಳಿಗೆ ಮೊದಲು ಕಂಡದ್ದು ನೀರು. ಯಾರ ಭುಜವೂ ಅಡ್ಡವಿಲ್ಲದ, ಮಂಜು ಇನ್ನೂ ಕರಗದ ನೀರು. ಹಿಂದೆ ಕೂತಿದ್ದ ವರ್ಲನ್‌ಗೆ ಬೇಗನೆ ಒಂದು ಮೀನು ಸಿಕ್ಕಿತು, ಎರಡು ಪೌಂಡಿನದು.

"ನೋಡಿದ್ಯಾ? ಹಿಂದೆ ಕೂತ್ರೂ ರಾಜ ರಾಜನೇ."

ಆಮೇಲೆ ರಾಜನಿಗೆ ಎರಡು ಗಂಟೆ ಏನೂ ಸಿಗಲಿಲ್ಲ. "ಈ ಕಡೆ ಮೀನೇ ಇಲ್ಲ ಕಣೇ. ನೀನು ಎಸೆದ ಕಡೇಲೇ ನಾನೂ ಎಸೀಬೇಕು, ಇದೆಂಥ ನ್ಯಾಯ?"

ಮೋಜೆಲ್‌ಳ ಕಣ್ಣು ಒಂದು ಬೊಡ್ಡೆಯ ಪಕ್ಕದಲ್ಲಿ ನೆಟ್ಟಿತ್ತು. ಅಲ್ಲಿ ಸೊಂಟದಷ್ಟೂ ಆಳವಿಲ್ಲದ ನೀರಿನ ತಳದಲ್ಲಿ ಜಲ್ಲಿ ಗುಡಿಸಿ ಮಾಡಿದ ಮೊರದಗಲದ ಗೂಡು. ಅದರ ಮೇಲೆ ತೋಳುದ್ದದ ಹೆಣ್ಣು ಬ್ಯಾಸ್ ನೆರಳಿನಂತೆ ನಿಂತಿತ್ತು. ಅವಳು ಹುಳುವನ್ನು ಗೂಡಿನೊಳಕ್ಕೆ ಎಸೆದಳು. ಮೀನು ಪಕ್ಕಕ್ಕೆ ಸರಿಯಿತು, ಮತ್ತೆ ಬಂತು. ಇನ್ನೊಮ್ಮೆ ಎಸೆದಳು.

"ಮೋಜೆಲ್, ನನ್ನ ಕಾಲು ಒದ್ದೆಯಾಗಿದೆ."

"ನೀರಲ್ಲಿದ್ದೀವಿ ಕಣಯ್ಯಾ."

"ದೋಣಿ ಒಳಗೇ ಒದ್ದೆ ಕಣೇ! ಬೂಟು ಮುಳುಗಿದೆ!"

ಅವಳು ತಿರುಗಿ ನೋಡಿದಳು. ಸ್ಯಾಂಡ್‌ವಿಚ್ ಡಬ್ಬಿ ವರ್ಲನ್ನನ ಕಾಲ ಬಳಿ ತೇಲುತ್ತಿತ್ತು.

"ಬಿರಡೆ ಹಾಕಿದ್ಯಾ?"

"ಯಾವ ಬಿರಡೆ?"

ಒಳಗೆ ಸೇರಿದ ನೀರು ಬಸಿದು ಹೋಗಲೆಂದು ದೋಣಿಯ ಹಿಂಬದಿಯಲ್ಲಿ ತೂತೊಂದಿರುತ್ತದೆ. ನೀರಿಗಿಳಿಸುವ ಮುಂಚೆ ಅದನ್ನು ಮುಚ್ಚಬೇಕು. ಮೂವತ್ತೊಂದು ವರ್ಷ ಅದನ್ನು ಮುಚ್ಚಿದ್ದು ಹಿಂದಿನ ಜಾಗದವಳು. ತನ್ನ ದೋಣಿಗೆ ನೀರು ನುಗ್ಗದಿರುವುದು ದೋಣಿಯ ಒಳ್ಳೆಯ ಗುಣವೆಂದೇ ವರ್ಲನ್ ನಂಬಿದ್ದ. ಇವತ್ತು ಮೋಜೆಲ್‌ಳ ತಲೆಯ ತುಂಬ ಮುಂದಿನ ಜಾಗವೇ ಇದ್ದುದರಿಂದ ಬಿರಡೆ ದಡದಲ್ಲಿ ನಿಂತ ಪಿಕಪ್ ಗಾಡಿಯಲ್ಲೇ ಉಳಿದಿತ್ತು.

"ತೂತಿಗೆ ಹೆಬ್ಬೆರಳು ಒತ್ತಿ ಹಿಡ್ಕೋ."

"ನನ್ನ ಮಂಡಿ..."

"ಮಂಡಿ ಬೇಡ, ಹೆಬ್ಬೆರಳು ಸಾಕು."

ವರ್ಲನ್ ಗೊಣಗುತ್ತಾ ಬೋರಲು ಮಲಗಿ ಕೈ ಚಾಚಿದ. "ವಾಪಸ್ ಹೋಗೋಣ ನಡಿ! ಮುಳುಗ್ತೀವಿ!"

"ಮುಳುಗಿದ್ರೆ ಎದ್ದು ನಿಂತ್ಕೋ, ಸೊಂಟದಷ್ಟೂ ನೀರಿಲ್ಲ. ಇನ್ನೊಂದೇ ಒಂದ್ಸಲ."

ಆ ಒಂದು ಸಲ ಐದು ಸಲವಾಯಿತು. ಐದನೆಯ ಸಲ ಅವಳು ಹುಳುವನ್ನು ಗೂಡಿನ ನಡುವೆ ಬಿಟ್ಟು ಎಣಿಸತೊಡಗಿದಳು. ಹಿಂದಿನಿಂದ ಬೈಗುಳ ಬರುತ್ತಿತ್ತು, ಅವಳು ಎಣಿಸುತ್ತಿದ್ದಳು. ಹದಿನೇಳಕ್ಕೆ ದಾರ ಪಕ್ಕಕ್ಕೆ ಜರುಗಿತು.

ಗಾಳದ ಕೋಲು ಬಿಲ್ಲಾಗಿ ಬಾಗಿತು. ಮೀನು ನೀರಿನಿಂದ ಚಿಮ್ಮಿ, ಬಿಸಿಲಲ್ಲಿ ತಲೆ ಕೊಡವಿ ಬಿತ್ತು.

"ಕೈಬಲೆ ಕೊಡು!"

"ಬಲೆ ಬೇಕೋ, ತೂತು ಮುಚ್ಚಬೇಕೋ? ಒಂದು ಹೇಳು!"

"ತೂತು!"

ಅವಳು ತಾನೇ ಬಾಗಿ ಮೀನಿನ ಕೆಳತುಟಿ ಹಿಡಿದು ಎತ್ತಿದಳು. ತಕ್ಕಡಿ ಆರು ಪೌಂಡು ಮೂರು ಔನ್ಸು ತೋರಿಸಿತು. ಮೊಟ್ಟೆ ತುಂಬಿದ ಹೊಟ್ಟೆ ಅಂಗೈಗೆ ಭಾರವಾಗಿತ್ತು. ಅವಳು ಅದನ್ನು ಗೂಡಿನ ಕಡೆಗೇ ಮುಖ ಮಾಡಿಸಿ ನೀರಲ್ಲಿ ಹಿಡಿದುಕೊಂಡಳು. ಕಿವಿರು ಎರಡು ಸಲ ತೆರೆದು ಮುಚ್ಚಿತು. ಆಮೇಲೆ ಅಂಗೈ ಹಗುರಾಯಿತು.

"ಮುಳುಗೋ ದೋಣೀಲಿ ಹಿಡಿದ ಮೀನು ಲೆಕ್ಕಕ್ಕಿಲ್ಲ" ಎಂದ ವರ್ಲನ್, ಬೋರಲಾಗಿದ್ದಂತೆಯೇ. "ನನ್ನ ಒಂದು ಕೈ ತೂತಲ್ಲಿತ್ತು. ಇದು ಪಂದ್ಯನೇ ಅಲ್ಲ."

ಮೋಜೆಲ್ ಹಿಂದಿನ ದೊಡ್ಡ ಮೋಟಾರು ಚಾಲೂ ಮಾಡಿದಳು.

ದಡದ ಇಳಿಜಾರಿನ ಪಕ್ಕ ಒಂದು ಬೆಂಚಿದೆ. ಯಾರು ಏನು ಎಡವಟ್ಟು ಮಾಡಿಕೊಳ್ಳುತ್ತಾರೆಂದು ನೋಡಲು ಶನಿವಾರ ಅಲ್ಲಿ ನಾಲ್ಕೈದು ಗಂಡಸರು ಕೂತೇ ಇರುತ್ತಾರೆ. ಪಿಕಪ್ ಗಾಡಿ ದೋಣಿಯನ್ನು ಮೇಲಕ್ಕೆಳೆದಾಗ ಹಿಂಬದಿಯ ತೂತಿನಿಂದ ಹಸು ಉಚ್ಚೆ ಹೊಯ್ದಂತೆ ನೀರು ಸುರಿಯಿತು.

"ಏನ್ ಮಿಸ್ ಮೋಜೆಲ್," ಎಂದ ಎರೆಹುಳು ಮಾರುವ ಹಾಯ್ಟ್, "ಮುಂದೆ ನಿಂತ ಮೊದಲನೇ ದಿನವೇ ಕೆರೆ ಪೂರ್ತಿ ಮನೆಗೆ ಹೊತ್ಕೊಂಡು ಹೊರಟ್ರಾ?"

ಬೆಂಚು ಘೊಳ್ಳೆಂದು ನಕ್ಕಿತು. ಮೋಜೆಲ್ ಗಾಡಿಯ ಸ್ಟಿಯರಿಂಗ್ ಹಿಡಿದು ಕೂತೇ ಇದ್ದಳು. ಮಧ್ಯಾಹ್ನದೊಳಗೆ ಈ ಮಾತು ಊರೆಲ್ಲ ಸುತ್ತುತ್ತದೆ, ಇನ್ನು ಆ ಜಾಗ ಕೇಳಲು ತನಗೆ ಬಾಯಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ವರ್ಲನ್ ಕುಂಟುತ್ತಾ ಗಾಡಿಯಿಂದ ಇಳಿದ. ನೀರಲ್ಲಿ ನೆನೆದ ಅವನ ಹೆಬ್ಬೆರಳು ಬಿಳಿಚಿ ಸುಕ್ಕುಗಟ್ಟಿತ್ತು.

"ಅವಳನ್ನ ಯಾಕಯ್ಯಾ ಅಂತೀಯ? ಬಿರಡೆ ಹಾಕೋದು ಹಿಂದಿನವರ ಕೆಲಸ."

"ಹಿಂದಿನವರು ಅಂದ್ರೆ ಯಾರು?"

ವರ್ಲನ್ ಆ ಬಿಳಿಚಿದ ಹೆಬ್ಬೆರಳನ್ನೇ ಎತ್ತಿ ತೋರಿಸಿದ. "ನಾನು."

"ಎಷ್ಟು ದಿನ?"

"ಈ ವರ್ಷ ಪೂರ್ತಿ. ಅವಳ ಮೀನು ಆರು ಪೌಂಡು ಮೂರು ಔನ್ಸು. ಬೇಕಾದ್ರೆ ಬರ್ಕೋ."

ಮೋಜೆಲ್ ಅಲ್ಲಿ ನಗಲಿಲ್ಲವಂತೆ. ವರ್ಲನ್ ಹತ್ತಿ ಕೂತ ಮೇಲೆ ಗಾಡಿ ಬಿಟ್ಟಳು. ತಿರುವು ದಾಟಿ ಬೆಂಚು ಕಣ್ಮರೆಯಾದ ಮೇಲೆ ರಸ್ತೆ ಬದಿಗೆ ನಿಲ್ಲಿಸಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರಂತೆ.