ಹುಳು ಸಾಕುವ ಅಮ್ಮ

ಯುದ್ಧದ ಕಾಲದಲ್ಲಿ ಬೀಜಾಡಿಯ ನಮ್ಮ ನೆರೆಮನೆಯ ಅಮ್ಮ ಮಡಕೆಗಳಲ್ಲಿ ತೌಡು ತುಂಬಿ ಹುಳು ಸಾಕುತ್ತಿದ್ದರು. ಗಂಡ ಗಿರಣಿಯಿಂದ ತೌಡು ತರುತ್ತಿದ್ದರು, ಸೊಸೆ ಜರಡಿ ಹಿಡಿಯುತ್ತಿದ್ದಳು. ಕೋಳಿ ಅಂಕದಲ್ಲಿ ಕಾದಾಡಿಸುವ ಹುಂಜಗಳಿಗೆ ಈ ಹುಳುವೇ ಮೇವು; ಅವನ್ನು ಸಾಕುವವರೇ ಗಿರಾಕಿಗಳು. ಅಮ್ಮ ಮಡಕೆಗೆ ಕಿವಿಯಿಟ್ಟು ಒಳಗಿನ ಸರಸರ ಸದ್ದು ಕೇಳುತ್ತ, "ಅವ್ ಉಂಬೊತ್ತಿಗ್ ಗಲಾಟಿ ಮಾಡ್ಬೇಡಿ" ಎಂದು ನಮ್ಮನ್ನು ಗದರುತ್ತಿದ್ದರು.

ಒಮ್ಮೆ ಅಂಕದ ಕಣದಲ್ಲಿ ಅವರ ಹುಳು ತಿಂದು ಬೆಳೆದ ಎರಡು ಹುಂಜಗಳೇ ಎದುರಾದವು. ಕಾಲಿಗೆ ಕತ್ತಿ ಕಟ್ಟಿ ಬಿಟ್ಟರೆ ಎರಡೂ ಏದುಸಿರು ಬಿಡುತ್ತ ಒಂದೇ ನೆರಳಿನಲ್ಲಿ ಕುಳಿತುಬಿಟ್ಟವು. ಜನ ಬಿದ್ದು ಬಿದ್ದು ನಕ್ಕರು. ಯಜಮಾನರಿಬ್ಬರೂ ಹುಂಜಗಳನ್ನು ಕಂಕುಳಲ್ಲಿಟ್ಟುಕೊಂಡು ನೇರ ಅಮ್ಮನ ಅಂಗಳಕ್ಕೆ ಬಂದರು.

"ಹ್ವಾಯ್, ಎಂತ ಹುಳು ಕೊಟ್ರಿ ನೀವ್? ಇವ್ ಏಳೂದೇ ಇಲ್ಲ" ಎಂದ ಒಬ್ಬ.

ಅಮ್ಮ ಹುಂಜಗಳ ಹೊಟ್ಟೆ ಮುಟ್ಟಿ ನೋಡಿದರು. ಮುಖ ಅರಳಿತು.

"ನಾನ್ ಕೊಟ್ಟದ್ ಹುಳು, ಸಿಟ್ಟಲ್ಲ. ಹೊಟ್ಟಿ ತುಂಬ್ದರ್ ಯಾರಾರೂ ಹೊಡ್ದಾಡ್ತ್ರಾ?"

ಅಂಕದವರು ಬರುವುದು ನಿಂತಿತು. ಮನೆಯವರು ಕಂಗಾಲಾದರು. ಆದರೆ ಹುಂಜಗಳು ಕೂತ ಸುದ್ದಿ ಕೋಡಿ ಊರಿನವರೆಗೂ ಹಬ್ಬಿತ್ತು. ಸ್ವಲ್ಪ ದಿನದಲ್ಲೇ ಕೋಳಿ ಸಾಕುವ ಹೆಂಗಸರು ಕರಟ ಹಿಡಿದು ಬರತೊಡಗಿದರು.

"ನಂಗೂ ಒಂಚೂರ್ ಹುಳು ಕೊಡಿ ಅಮ್ಮ," ಎಂದಳು ಮೊದಲು ಬಂದವಳು. "ನಮ್ಮನಿ ಹೇಂಟಿ ಮೊಟ್ಟಿ ಇಟ್ರೂ ಕಾವಿಗ್ ಕೂಕಂಬುದೇ ಇಲ್ಲ."