ಹಾರ್ಕ್‌ವುಡ್ ಮನೆತನದ ಕಾಗದ ಹುಡುಕಿ ಹೊರಟದ್ದು

ಪರ್ತ್ ಬಿಟ್ಟದ್ದು ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ಮಳೆ ಜೋರಾಗಿತ್ತು. ಮಗಳು ಸುಷ್ಮಾ ಆಸ್ಪತ್ರೆಯ ಕೆಲಸಕ್ಕೆ ಹೋಗುವ ದಾರಿಯಲ್ಲಿ ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟಳು. "ಅಪ್ಪಾ, ಊರು ನೋಡೋಕ್ ಹೋಗ್ತಿದ್ದೀರಾ, ಇಲ್ಲಾ ಆಫೀಸ್ ಕೆಲಸಕ್ಕಾ?" ಎಂದು ಕೆಣಕಿದಳು. ಎರಡಕ್ಕೂ ಎಂದೆ. ಮೈಸೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಹಳೆಯ ಪತ್ರಗಳನ್ನು ಓದಿದವನಿಗೆ ಮಗಳ ಮನೆಯಲ್ಲಿ ಮೂರು ತಿಂಗಳು ಕೈಕಟ್ಟಿ ಕೂರುವುದು ಆಗದ ಮಾತು.

ಕೆಲಸ ಕೊಟ್ಟವರು ಪಕ್ಕದ ಮನೆಯ ಹ್ಯೂ ಹಾರ್ಕ್‌ವುಡ್. ಎಂಬತ್ತರ ಹತ್ತಿರದ ವಯಸ್ಸು, ಸೊಂಟದ ಆಪರೇಷನ್ ಆಗಿ ಪ್ರಯಾಣ ಮಾಡುವಂತಿರಲಿಲ್ಲ. ಇಂಗ್ಲೆಂಡಿನ ಅವರ ಮನೆತನಕ್ಕೆ ಬ್ಯಾರನೆಟ್ ಎಂಬ ಬಿರುದಿತ್ತು. ಹೆಸರಿನ ಮುಂದೆ 'ಸರ್' ಹಾಕಿಕೊಳ್ಳಬಹುದು. ಅದು ತಂದೆಯಿಂದ ಹಿರಿಯ ಮಗನಿಗೆ, ಆ ಶಾಖೆ ಮುಗಿದರೆ ತಮ್ಮನ ಶಾಖೆಗೆ ಬರುತ್ತದೆ. ಜಮೀನು, ಬಂಗಲೆ ಎಂದೋ ಕರಗಿದ್ದವು. ಬಿರುದು ಹೊತ್ತಿದ್ದ ಕೊನೆಯವರು ಅಲ್ಲಿ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಗಂಡುಮಕ್ಕಳಲ್ಲಿ ಉಳಿದವರು ಹ್ಯೂ ಒಬ್ಬರೇ, ಕುರಿ ಸಾಕಲು ಆಸ್ಟ್ರೇಲಿಯಾಕ್ಕೆ ಬಂದ ಕಿರಿಯ ಮಗ ಎಡ್ಮಂಡ್‌ನ ಮೊಮ್ಮಗ.

ತಮ್ಮ ತಂದೆ ವಾಲ್ಟರ್ ಆ ಎಡ್ಮಂಡ್‌ನ ಮಗನೇ ಎಂದು ತೋರಿಸುವ ದಾಖಲೆ ಅವರಿಗೆ ಬೇಕಿತ್ತು. "ಇಂಗ್ಲೆಂಡಿನ ನೆಂಟರು ನಮ್ಮಪ್ಪನನ್ನ ಯಾವತ್ತೂ ಮನೆಯವನು ಅಂತ ಒಪ್ಪಲಿಲ್ಲ. ಲಂಡನ್ನಿನ ಬ್ಯಾರನೆಟ್‌ಗಳ ಪಟ್ಟಿಯಲ್ಲಿ ಅವನ ಹೆಸರು ಬರಬೇಕು. ನಾನು ಸಾಯೋದರೊಳಗೆ," ಎಂದಿದ್ದರು. ಕಾಗದವಿದ್ದರೆ ತಂದೇ ತರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಬ್ರಿಸ್ಬೇನಿಗೆ ನಾಲ್ಕೂವರೆ ಗಂಟೆಯ ಹಾರಾಟ. ಇಳಿದು ಗಡಿಯಾರವನ್ನು ಎರಡು ಗಂಟೆ ಮುಂದೆ ತಿರುಗಿಸಿದೆ. ಚಳಿಗಾಲವೆಂದು ಸ್ವೆಟರ್ ಹಾಕಿಕೊಂಡಿದ್ದ ನನ್ನನ್ನು ನೋಡಿ ತಂಗಿಯ ಮಗ ಗಿರೀಶ ನಕ್ಕ, ಅವನು ಚಡ್ಡಿಯಲ್ಲಿದ್ದ. ನಾರ್ತ್ ಲೇಕ್ಸ್‌ನಲ್ಲಿ ಅವನ ಮನೆ. ಅಲ್ಲಿ ಒಂದರಂತೆ ಇನ್ನೊಂದು ಮನೆ, ಒಂಟಿಯಾಗಿ ವಾಕಿಂಗ್ ಹೋದರೆ ದಾರಿ ತಪ್ಪುವುದು ಖಂಡಿತ. ಹ್ಯೂ ಅವರ ತಂಗಿ ಮಾರ್ಗರೆಟ್ ಇದ್ದದ್ದು ಅಲ್ಲಿಂದ ಹತ್ತು ನಿಮಿಷ ದೂರದಲ್ಲಿ. "ಮೊದ್ಲು ಊಟ ಮಾಡಿ ಮಾವ, ಆರ್ವೋ ಹೋಗೋಣ," ಎಂದ ಗಿರೀಶ. ಮಧ್ಯಾಹ್ನಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಅನ್ನ, ಹುಳಿ ಉಂಡೇ ಹೊರಟೆವು.

ಮಾರ್ಗರೆಟ್ ಮನೆತನದ ಹಳೆಯ ಬೈಬಲ್ ತೆಗೆದರು. ಎಡ್ಮಂಡ್ ಅದರ ಮೊದಲ ಹಾಳೆಯಲ್ಲಿ ಮಕ್ಕಳ ಹೆಸರು ಬರೆದಿಟ್ಟಿದ್ದ. ಹುಟ್ಟಿ ವಾರದೊಳಗೆ ತೀರಿಕೊಂಡ ಎರಡು ಹೆಣ್ಣುಮಕ್ಕಳಿಗೆ ಊರು, ದಿನ, ಗಂಟೆ ಎಲ್ಲ ಇತ್ತು. ವಾಲ್ಟರ್‌ಗೆ ಹೆಸರು ಮಾತ್ರ. ಇಷ್ಟು ಸಾಲದೆಂದು ನನಗೆ ಗೊತ್ತಿತ್ತು. "ಅಪ್ಪನ ಪೆಟ್ಟಿಗೆ ಅಡಿಲೇಡ್‌ನಲ್ಲಿ ನನ್ನ ಮಗಳು ಜೂಲಿಯ ಹತ್ತಿರ ಇದೆ. ಯಾರೂ ತೆಗೆದು ನೋಡಿಲ್ಲ," ಎಂದರು ಮಾರ್ಗರೆಟ್. ಗಿರೀಶ ಸಮುದ್ರ ತೋರಿಸುತ್ತೇನೆಂದು ಎಷ್ಟು ಹೇಳಿದರೂ ಕೇಳದೆ ಗುರುವಾರವೇ ಅಡಿಲೇಡಿಗೆ ಹಾರಿದೆ.

ಅಲ್ಲಿ ನಿಜವಾದ ಚಳಿ. ಪ್ರಾಸ್ಪೆಕ್ಟ್‌ನಲ್ಲಿ ಗೆಳೆಯನ ಮಗನ ಮನೆಯಲ್ಲಿ ಉಳಿದು, ಮಾರನೆಯ ದಿನ ಪೇಟೆಗೆ ಬಂದು ಜೂಲಿ ಇರುವ ಮಾಡ್ಬರಿಯ ಬಸ್ ಹಿಡಿದೆ. ಈ ಬಸ್ಸು ಊರು ದಾಟಿದ ಮೇಲೆ ರೈಲಿನಂತೆ ಕಾಂಕ್ರೀಟ್ ಹಳಿಯ ಮೇಲೆ ಓಡುತ್ತದೆ. ಡ್ರೈವರ್ ಸ್ಟಿಯರಿಂಗ್ ತಿರುಗಿಸುವುದೇ ಇಲ್ಲ! ನಾನು ಮುಂದಿನ ಸೀಟಿನಲ್ಲಿ ಕೂತು ಅವನ ಕೈಯನ್ನೇ ನೋಡುತ್ತಿದ್ದೆ.

ಜೂಲಿ ಆಸ್ಪತ್ರೆಯ ನರ್ಸ್. ಗ್ಯಾರೇಜಿನ ಮೂಲೆಯಿಂದ ತಗಡಿನ ಪೆಟ್ಟಿಗೆ ಎಳೆದುಕೊಟ್ಟು ಒಳಗೆ ಹೋದರು. ಉಣ್ಣೆ ಮಾರಿದ ರಸೀದಿಗಳ ಅಡಿಯಲ್ಲಿ, ವಕೀಲರ ಮುಂದೆ ಬರೆಸಿದ ಒಂದು ಪತ್ರ ಸಿಕ್ಕಿತು. ಜ್ವರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಕೂಲಿಯವನ ಮಗು ವಾಲ್ಟರ್‌ನನ್ನು ತಾನೂ ಹೆಂಡತಿಯೂ ಮಗನಾಗಿ ಸ್ವೀಕರಿಸಿದ್ದೇವೆ ಎಂದು ಎಡ್ಮಂಡ್ ಬರೆಸಿದ್ದ. ಕೆಳಗೆ ಇಬ್ಬರು ಸಾಕ್ಷಿಗಳ ಸಹಿ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಏಳನೆಯ ವಯಸ್ಸಿನಲ್ಲಿ ದೊಡ್ಡಪ್ಪನ ಮನೆಗೆ ದತ್ತು ಹೋದವನು ನಾನು. ಶಾಸ್ತ್ರ ಮುಗಿದು ಪತ್ರ ಆಯಿತೆಂದರೆ ಮಗ ಮಗನೇ. ಮನೆ, ಶ್ರಾದ್ಧ, ಹೆಸರು ಎಲ್ಲ ಅವನದೇ. ಅದಕ್ಕಿಂತ ಗಟ್ಟಿ ದಾಖಲೆ ಯಾವುದಿದೆ? ಗ್ಯಾರೇಜಿನಿಂದಲೇ ಹ್ಯೂಗೆ ಫೋನ್ ಮಾಡಿದೆ. "ಸಿಕ್ಕಿತು! ನಿಮ್ಮ ತಂದೆಯನ್ನು ಕ್ರಮವಾಗಿ ದತ್ತು ತೆಗೆದುಕೊಂಡಿದ್ದಾರೆ, ಸಾಕ್ಷಿಗಳೂ ಇದ್ದಾರೆ!"

"ದತ್ತು?" ಎಂದರು ಹ್ಯೂ. ಫೋನ್ ಇಟ್ಟರು.

ಅರ್ಧ ಗಂಟೆಯಲ್ಲಿ ಸುಷ್ಮಾ ಫೋನ್ ಮಾಡಿದಳು. "ಅಪ್ಪಾ, ಏನ್ ಹೇಳ್ಬಿಟ್ರಿ ಹ್ಯೂ ಅಂಕಲ್‌ಗೆ? ವರಾಂಡದಲ್ಲಿ ಚಳೀಲಿ ಹಾಗೇ ಕೂತ್ಬಿಟ್ಟಿದ್ದಾರೆ. ದತ್ತು ಮಗನಿಗೆ ಆ ಟೈಟಲ್ ಬರಲ್ವಂತೆ. ಹೊಟ್ಟೇಲಿ ಹುಟ್ಟಿದ ಮಗನೇ ಆಗ್ಬೇಕಂತೆ. ಅವ್ರಿಗೆ ಈ ವಿಷಯಾನೇ ಗೊತ್ತಿರ್ಲಿಲ್ಲ."

ನನ್ನ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಎಪ್ಪತ್ತು ದಾಟಿದ ಮೇಲೂ ಕೇಳದೆ, ತಿಳಿಯದೆ ಇಷ್ಟು ದೊಡ್ಡ ಮಾತನ್ನು ಫೋನಿನಲ್ಲಿ ಒದರಿದ್ದಕ್ಕೆ ನಾಚಿಕೆಯಾಯಿತು. ಇನ್ನೂ ನಾಲ್ಕು ದಿನ ಇರಬೇಕಿತ್ತು. ಟಿಕೆಟ್ ಬದಲಾಯಿಸಲು ತೊಂಬತ್ತು ಡಾಲರ್ ಕೊಟ್ಟು, ಶನಿವಾರ ಬೆಳಿಗ್ಗೆಯೇ ಪರ್ತಿಗೆ ಹೊರಟೆ. ಅವರು ಬಾಗಿಲು ತೆಗೆಯದಿದ್ದರೂ ಸರಿ, ಎದುರು ನಿಂತು ಹೇಳಬೇಕೆಂದು ತೀರ್ಮಾನಿಸಿದ್ದೆ.

ಬಾಗಿಲು ತೆಗೆದರು. ತಪ್ಪಾಯಿತು ಎಂದು, ಜೊತೆಗೆ ತಂದಿದ್ದ ಪತ್ರ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. "ನಿಮ್ಮ ಊರಲ್ಲಾಗಿದ್ದರೆ?" ಎಂದು ಕೇಳಿದರು.

"ನಮ್ಮಲ್ಲಿ ಅಪ್ಪನ ಚಿತೆಗೆ ಬೆಂಕಿ ಇಡೋನು ದತ್ತು ಮಗನೇ. ನೀನು ಮಗನಾ ಅಂತ ಯಾರೂ ಕೇಳೋದಿಲ್ಲ. ನಾನೇ ಇಟ್ಟಿದ್ದೇನೆ."

ಹ್ಯೂ ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟರು. "ತಾತನ ಸಮಾಧಿಗೆ ಗುಂಡಿ ತೋಡಿದ್ದು ನಮ್ಮಪ್ಪ," ಎಂದರು. "ಬೇಸಿಗೆ, ಕಲ್ಲಿನಂಥ ನೆಲ. ಒಬ್ಬನೇ ಇಡೀ ದಿನ ಅಗೆದನಂತೆ."

ಆಮೇಲೆ ಹಾಳೆ ತೆಗೆದು ಲಂಡನ್ನಿಗೆ ಬರೆದರು. ನಿಮ್ಮ ನಿಯಮದಂತೆ ಬಿರುದು ನನಗೆ ಬರುವುದಿಲ್ಲ, ಅರ್ಜಿ ಹಾಕುವುದಿಲ್ಲ, ಪತ್ರದ ಪ್ರತಿ ಕಳುಹಿಸಿದ್ದೇನೆ ಎಂದು ಮೂರೇ ಸಾಲು. ಕೆಳಗೆ ಅಕ್ಷರ ಒತ್ತಿ ಒತ್ತಿ ಬರೆದರು: ಹ್ಯೂ, ವಾಲ್ಟರ್ ಹಾರ್ಕ್‌ವುಡ್‌ನ ಮಗ, ಎಡ್ಮಂಡ್ ಹಾರ್ಕ್‌ವುಡ್‌ನ ಮೊಮ್ಮಗ. "ಸಾಕ್ಷಿ ಹಾಕಿ," ಎಂದು ಪೆನ್ನು ಚಾಚಿದರು.

ಇಂಥ ಕಾಗದಕ್ಕೆ ಸಾಕ್ಷಿ ಬೇಕಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಪೆನ್ನು ತೆಗೆದುಕೊಂಡು, ನಮ್ಮ ಕಚೇರಿಯ ಪದ್ಧತಿಯಂತೆ ತಂದೆಯ ಹೆಸರನ್ನೂ ಸೇರಿಸಿ, 'ಶ್ರೀಕಂಠಯ್ಯ ಬಿನ್ ನಂಜುಂಡಯ್ಯ' ಎಂದು ಕನ್ನಡದಲ್ಲೇ ಬರೆದೆ. ನಂಜುಂಡಯ್ಯ ನನ್ನ ದೊಡ್ಡಪ್ಪನ ಹೆಸರು.