ಗಂಡಸರಿಗೆ ನೆನಪಿರದ ಮಾತು

ಅಕ್ಕನನ್ನು ನೋಡಲು ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರ ಮನೆಯವರು ನವನಗರದ ನಮ್ಮ ಮನೆಗೆ ಬಂದಿದ್ದರು. ಮಾತು ಸಲೀಸಾಗಿ ಸಾಗಿತ್ತು. ಮದುವೆಯ ನಂತರವೂ ಬ್ಯಾಂಕಿನ ಕೆಲಸ ಬಿಡುವುದಿಲ್ಲ ಎಂದು ಅಕ್ಕ ಹೇಳಿದಳು. ಹುಡುಗ ನಗುತ್ತಲೇ ಅಂದ:

“ನನ್ನ ಕೇಳದ ಹೊಸ್ತಲಾ ದಾಟಿದ್ರ ಕಾಲ ಮುರದ ಕೂಡಸ್ತೇನಿ ಮತ್ತ!”

“ಈಗ ಹಿಂಗ ಅಂತಾನ್ರಿ, ನಾಳೆ ಇಕಿ ಸೆರಗ ಹಿಡಕೊಂಡ ಅಡ್ಡಾಡ್ತಾನ,” ಎಂದ ನಮ್ಮ ಕಾಕಾ. ಗಂಡಸರೆಲ್ಲ ನಕ್ಕರು.

ಅವ್ವನ ಕೈಯಲ್ಲಿದ್ದ ಚಹಾದ ಕಪ್ಪು ಬಸಿಗೆ ಬಡಿಯಿತು. ಅಕ್ಕ ಥಟ್ಟನೆ ಕಣ್ಣೆತ್ತಿದಳು. ಬೆಚ್ಚದ ಹೆಂಗಸೆಂದರೆ ಹುಡುಗನ ತಾಯಿ ಒಬ್ಬರೇ. ಅವರು ಶಿರಾ ತಿನ್ನುತ್ತಲೇ ಇದ್ದರು.

ನಾನಾಗ ಧಾರವಾಡದಲ್ಲಿ ಮನೋವಿಜ್ಞಾನ ಓದುತ್ತಿದ್ದೆ. ಕೊಲ್ಲು, ಮುರಿ, ಮುದ್ದು ಇಂಥ ಪದಗಳು ಗಂಡಸರ ಮನಸ್ಸಿನಲ್ಲೊಂದು ರೀತಿ, ಹೆಂಗಸರಲ್ಲೊಂದು ರೀತಿ ಇಳಿಯುತ್ತವೆಯೇ ಎಂದು ತರಗತಿಯಲ್ಲಿ ವಾದಿಸುತ್ತಿದ್ದೆವು. ಅಷ್ಟು ಸಲೀಸಾಗಿ ಎರಡು ಪಾಲು ಮಾಡುವುದು ನನಗೆ ಒಪ್ಪಿಗೆಯಿರಲಿಲ್ಲ. ಆದರೂ ಬಂದವರು ಹೋದ ಮೇಲೆ, ಹುಡುಗ ಏನೇನು ಮಾತಾಡಿದ ಎಂದು ಅಪ್ಪನನ್ನು ಕೇಳಿದೆ. ಹತ್ತಿಯ ಧಾರಣೆ, ಹೊಸ ಕಾರು, ಅಕ್ಕನ ಕೆಲಸದ ವಿಷಯ, ಆಮೇಲೆ ಲಗ್ನದ ಹಾಲ್. ಎಲ್ಲವನ್ನೂ ಕ್ರಮ ತಪ್ಪದೆ ಹೇಳಿದರು. ಆ ಮಾತಿನ ಹಿಂದಿನದು ಇತ್ತು, ಮುಂದಿನದು ಇತ್ತು; ಅದೊಂದೇ ಇರಲಿಲ್ಲ.

“ಕಾಲ ಮುರೀತೇನಿ ಅಂದದ್ದು, ಅಪ್ಪಾ?”

“ಹಾಂ, ಅಂದಿರಬೇಕ. ಚಾಷ್ಟಿ ಅದು. ನೀ ಒಂದೀಟ ಭಾಳ ಓದೀದಿ.”

ಅವರಿಗೆ ಕೇಳಿಸಿಯೇ ಇತ್ತು. ಕೇಳಿಸದೆ ಹೋಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಅವ್ವ ನಲ್ಲಿಯಡಿ ತೊಳೆದುಕೊಟ್ಟ ತಟ್ಟೆಗಳನ್ನು ಅಕ್ಕ ಒರೆಸುತ್ತಿದ್ದಳು.

“ಅವರವ್ವನ್ನ ನೋಡಿದಿ?”

“ನೋಡಿದೆ.”

“ರೂಢಿ ಆಗೇತಿ ಅವರಿಗೆ,” ಎಂದಳು. ಆಮೇಲೆ ಅವ್ವನ ಕಡೆ ತಿರುಗಿ, “ನೀನರ ಅಪ್ಪಗ ಹೇಳಬೇ,” ಎಂದಳು.

ಅವ್ವ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು. “ಏನಂತ ಹೇಳಲೆವ್ವಾ? ನಕ್ಕೋತ ಅಂದಾನ ಅವ.”

ಅಕ್ಕ ಕೈ ಒರೆಸಿಕೊಂಡು ಪಡಸಾಲೆಗೆ ನಡೆದಳು. ನಾನು ಹಿಂದೆಯೇ ಹೋದೆ.

“ಅಪ್ಪಾ, ನನಗ ಈ ಹುಡುಗ ಬ್ಯಾಡ್ರಿ.”

ಅಪ್ಪ ಅವಳತ್ತ ಅಂಗೈ ಎತ್ತಿ ತಡೆದರು. ಫೋನು ಆಗಲೇ ಅವರ ಕಿವಿಯಲ್ಲಿತ್ತು.

“ಹಾಂ, ಹೇಳ್ರಿ ಬೀಗರ,” ಎಂದರು.